ಮಕ್ಕಳ ಮೈಯಲ್ಲಿ ಕಬ್ಬಿಣ ಜಾಸ್ತಿ ಅಂದರೆ ಏನು ಮಾಡಬೇಕು? ಹಿಮೋಕ್ರೊಮಟೋಸಿಸ್ ಗೊತ್ತಾದ ಮನೆಯವರಿಗೆ

ಶಿವಮೊಗ್ಗದ ಲ್ಯಾಬ್ ಒಂದರಲ್ಲಿ ರಿಪೋರ್ಟ್ ಕೊಡುವ ಕೌಂಟರಿನ ಹಿಂದೆ ಕೂರುವವಳು ನಾನು. ಡಾಕ್ಟರ್ ಅಲ್ಲ. ಆದರೂ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನಮ್ಮನ್ನೇ. ಅದರಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತದೆ: ‘ಮೇಡಂ, ಹುಡುಗನಿಗೆ ಕಬ್ಬಿಣದ ಅಂಶ ಜಾಸ್ತಿ ಇದೆಯಂತೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ?’

ಅಲ್ಲ. ನಮ್ಮಲ್ಲಿ ರಕ್ತ ಕಡಿಮೆ ಇರುವವರೇ ಹೆಚ್ಚು. ಹಾಗಾಗಿ ಕಬ್ಬಿಣ ಅಂದರೆ ಮನೆ, ಶಾಲೆ, ಅಂಗಡಿ, ಸರ್ಕಾರ ಎಲ್ಲರಿಗೂ ‘ಕೊಡಬೇಕಾದ’ ವಸ್ತು. ನಿಮ್ಮ ಮಗುವಿಗೆ ಹಿಮೋಕ್ರೊಮಟೋಸಿಸ್, ಅಂದರೆ ಮೈಯಲ್ಲಿ ಕಬ್ಬಿಣ ತುಂಬುತ್ತಾ ಹೋಗುವ ಕಾಯಿಲೆ, ಅಂತ ಗೊತ್ತಾದ ದಿನದಿಂದ ನೀವು ಇದಕ್ಕೆ ತಿರುಗುಮುರುಗಾಗಿ ನಡೆಯಬೇಕು. ಕಾಯಿಲೆಗಿಂತ ಇದೇ ದೊಡ್ಡ ತಲೆನೋವು. ಪ್ರೀತಿಯಿಂದ ಕೊಡುವವರ ಕೈ ತಡೆಯುವುದು ಸುಲಭವಲ್ಲ.

ಆಗಿರುವುದೇನು?

ದೊಡ್ಡವರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ 1-2 ಮಿಲಿಗ್ರಾಂ ಊಟದಿಂದ ಒಳಗೆ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಜಾಸ್ತಿ ಬಂದರೆ ಅದನ್ನು ಹೊರಗೆ ಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಕೋಡಿಯೇ ಇಲ್ಲದ ಕೆರೆ ಇದ್ದ ಹಾಗೆ. ಬರುವ ನೀರನ್ನು ಮೇಲೆಯೇ ತಡೆದರೆ ಮಾತ್ರ ಕೆರೆ ಉಳಿಯುತ್ತದೆ.

ತಡೆಯುವ ಕೆಲಸ ಹೆಪ್ಸಿಡಿನ್‌ನದು. ಇದು ಲಿವರ್ ತಯಾರಿಸುವ ಹಾರ್ಮೋನು. ‘ಸಾಕು, ಇನ್ನು ತಗೋಬೇಡ’ ಅಂತ ಕರುಳಿಗೆ ಹೇಳುವುದು ಅದು. ಕೆಲವರಿಗೆ ಹುಟ್ಟಿನಿಂದಲೇ ಇದಕ್ಕೆ ಸಂಬಂಧಿಸಿದ ಜೀನ್‌ನಲ್ಲಿ ದೋಷ ಇರುತ್ತದೆ. ಹೆಪ್ಸಿಡಿನ್ ಸಾಕಷ್ಟು ಬರುವುದಿಲ್ಲ, ಕರುಳು ಕಬ್ಬಿಣ ಎಳೆಯುತ್ತಲೇ ಇರುತ್ತದೆ. ಅದು ಲಿವರ್, ಹೃದಯ, ಮೇದೋಜೀರಕ ಗ್ರಂಥಿ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ, ಕೀಲುಗಳಲ್ಲಿ ಹೋಗಿ ಕೂರುತ್ತದೆ.

ದೊಡ್ಡವರಲ್ಲಿ ಕಾಣುವ ಬಗೆ ನಿಧಾನದ್ದು, ಸಾಮಾನ್ಯವಾಗಿ ನಲವತ್ತರ ಮೇಲೆ ತೊಂದರೆ ಕೊಡುತ್ತದೆ. ಹದಿಹರೆಯದಲ್ಲಿ ಕಾಣುವುದಕ್ಕೆ ‘ಜುವೆನೈಲ್’ ಅಂದರೆ ಎಳೆ ವಯಸ್ಸಿನ ಹಿಮೋಕ್ರೊಮಟೋಸಿಸ್ ಅನ್ನುತ್ತಾರೆ. ಇದು ಬೇಗ ಬೆಳೆಯುತ್ತದೆ. ಮೂವತ್ತರ ಒಳಗೇ ಹೃದಯಕ್ಕೂ ಹಾರ್ಮೋನುಗಳಿಗೂ ಪೆಟ್ಟು ಕೊಡಬಹುದು. ಅದಕ್ಕೇ ‘ದೊಡ್ಡವನಾದ ಮೇಲೆ ನೋಡೋಣ’ ಅನ್ನುವ ಹಾಗಿಲ್ಲ. ಬೇಗ ಹಿಡಿದು ಕಬ್ಬಿಣ ಇಳಿಸಿದರೆ ಮಗು ಎಲ್ಲರಂತೆ ಓದಿ, ಆಡಿ, ದುಡಿದು ಬದುಕಬಹುದು.

ಇದು ಅಂಟುವ ಕಾಯಿಲೆ ಅಲ್ಲ. ನೀವು ಕಬ್ಬಿಣದ ಕಾವಲಿಯಲ್ಲಿ ರೊಟ್ಟಿ ಬೇಯಿಸಿದ್ದರಿಂದ ಬಂದದ್ದೂ ಅಲ್ಲ.

1. ರಿಪೋರ್ಟನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ

ನೋಡಬೇಕಾದ ಸಂಖ್ಯೆ ಎರಡು.

ಒಂದು, ಫೆರಿಟಿನ್. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು. ಇನ್ನೊಂದು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಪ್ರೋಟೀನು ಎಷ್ಟು ತುಂಬಿದೆ ಅನ್ನುವ ಲೆಕ್ಕ. ಶೇಕಡಾ 45ಕ್ಕಿಂತ ಜಾಸ್ತಿ ಇದ್ದರೆ ಅನುಮಾನ ಪಡುತ್ತಾರೆ. ಎಳೆ ವಯಸ್ಸಿನ ಬಗೆಯಲ್ಲಿ ಇದು ಇನ್ನೂ ಬಹಳ ಮೇಲೆ ಹೋಗಿರುತ್ತದೆ. ರಿಪೋರ್ಟಿನಲ್ಲಿ ಈ ಸಾಲು ಇಲ್ಲದಿದ್ದರೆ ನೀವೇ ಲೆಕ್ಕ ಹಾಕಬಹುದು. ಸೀರಂ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) ಸಂಖ್ಯೆಯನ್ನು ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಲೆಕ್ಕ) ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ.

ಮಲೆನಾಡಿನವರು ಎಡವುವುದು ಫೆರಿಟಿನ್ ವಿಷಯದಲ್ಲಿ. ಯಾವ ಜ್ವರ ಬಂದರೂ, ಲಿವರ್ ಊದಿದರೂ ಫೆರಿಟಿನ್ ಏರುತ್ತದೆ. ಡೆಂಗೆಯಲ್ಲಿ ಅದು ಸಾವಿರಗಟ್ಟಲೆ ಹೋಗುವುದುಂಟು. ಇಲಿಜ್ವರ, ಮಂಗನ ಕಾಯಿಲೆ ನಮ್ಮ ಕಡೆ ಇದ್ದದ್ದೇ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಜ್ವರದಲ್ಲಿ ಅಡ್ಮಿಟ್ ಆದಾಗ ತೆಗೆದ ಫೆರಿಟಿನ್ ಒಂದನ್ನೇ ಹಿಡಿದುಕೊಂಡು ಹೆದರಬೇಡಿ. ಮಗು ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಆದ ಮೇಲೆ ಎರಡೂ ಪರೀಕ್ಷೆ ಮತ್ತೆ ಮಾಡಿಸಿ. ಬರೀ ಫೆರಿಟಿನ್ ಏರಿದ್ದು ಸ್ಯಾಚುರೇಶನ್ ಸಾಮಾನ್ಯವಾಗಿದ್ದರೆ ಕಾರಣ ಬೇರೆಯೇ ಇರುವುದು ಹೆಚ್ಚು.

ರಕ್ತ ಕೊಡಲು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಸೀರಂ ಐರನ್ ಹೊತ್ತಿಗೊಂದು ರೀತಿ ಇರುತ್ತದೆ. ಹಿಂದಿನ ದಿನಗಳಲ್ಲಿ ಕಬ್ಬಿಣದ ಮಾತ್ರೆ, ಟಾನಿಕ್ ತಗೊಂಡಿದ್ದರೆ ಮುಚ್ಚಿಡಬೇಡಿ. ಹೇಳದೆ ರಕ್ತ ಕೊಟ್ಟು, ಆಮೇಲೆ ‘ರಿಪೋರ್ಟ್ ತಪ್ಪು’ ಅಂತ ಜಗಳಕ್ಕೆ ಬರುವವರು ಇದ್ದಾರೆ.

2. ಥಲಸ್ಸೀಮಿಯಾ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಇದೂ ಹುಟ್ಟಿನಿಂದ ಬರುವ ರಕ್ತದ ತೊಂದರೆಯೇ. ಇದರಲ್ಲೂ ಮೈಯಲ್ಲಿ ಕಬ್ಬಿಣ ತುಂಬಬಹುದು. ಆದರೆ ದಾರಿ ಬೇರೆ, ಚಿಕಿತ್ಸೆಯೂ ಬೇರೆ. ಹಿಮೋಕ್ರೊಮಟೋಸಿಸ್‌ನಲ್ಲಿ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಥಲಸ್ಸೀಮಿಯಾದಲ್ಲಿ ಕಡಿಮೆ ಇರುತ್ತದೆ. ಹಿಮೋಕ್ರೊಮಟೋಸಿಸ್‌ಗೆ ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದು. ರಕ್ತ ಕಡಿಮೆ ಇರುವ ಮಗುವಿನಿಂದ ಇನ್ನಷ್ಟು ರಕ್ತ ತೆಗೆಯಲಾಗುತ್ತದಾ? ಅದಕ್ಕೇ ಚಿಕಿತ್ಸೆ ಶುರು ಮಾಡುವ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎರಡೂ ಆಗಿರಬೇಕು. ಎಚ್‌ಪಿಎಲ್‌ಸಿ ಅಂದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಪರೀಕ್ಷೆ.

ಇನ್ನು ಜೀನ್ ಪರೀಕ್ಷೆ. ಇಲ್ಲಿ ದುಡ್ಡು ಸುಮ್ನೆ ಹೋಗುವುದನ್ನು ನೋಡಿದ್ದೇನೆ. ‘ಹಿಮೋಕ್ರೊಮಟೋಸಿಸ್ ಟೆಸ್ಟ್’ ಅಂತ ಕೇಳಿದರೆ ಎಷ್ಟೋ ಕಡೆ ಎಚ್‌ಎಫ್‌ಇ ಅನ್ನುವ ಒಂದೇ ಜೀನಿನ ಎರಡು ಮೂರು ದೋಷಗಳನ್ನು ಮಾತ್ರ ನೋಡುತ್ತಾರೆ. 1996ರಲ್ಲಿ ಪತ್ತೆಯಾದ ಈ ಜೀನಿನ ಮುಖ್ಯ ದೋಷ ಯುರೋಪ್ ಮೂಲದವರಲ್ಲಿ ಹೆಚ್ಚು, ನಮ್ಮ ದೇಶದಲ್ಲಿ ಅಪರೂಪ. ಹದಿಹರೆಯದ ಬಗೆಗೆ ಹೆಚ್ಚಾಗಿ ಕಾರಣ ಎಚ್‌ಜೆವಿ ಜೀನು, ಕೆಲವೊಮ್ಮೆ ಎಚ್‌ಎಎಂಪಿ. ಹಾಗಾಗಿ ಎಚ್‌ಎಫ್‌ಇ ನೆಗೆಟಿವ್ ಬಂತು ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡಿ. ಯಾವ ಜೀನುಗಳನ್ನು ನೋಡಬೇಕು ಅಂತ ಜೆನೆಟಿಕ್ಸ್ ಡಾಕ್ಟರ್ ಬರೆದುಕೊಟ್ಟ ಮೇಲೆಯೇ ದುಡ್ಡು ಕಟ್ಟಿ.

3. ಸರಿಯಾದ ಡಾಕ್ಟರನ್ನು ಹಿಡಿಯಿರಿ, ಹೃದಯವನ್ನು ಮೊದಲು ನೋಡಿಸಿ

ಒಬ್ಬರೇ ಡಾಕ್ಟರಿಂದ ಮುಗಿಯುವ ಕೆಲಸ ಇದಲ್ಲ. ರಕ್ತದ ತಜ್ಞರು ಅಥವಾ ಲಿವರ್ ತಜ್ಞರು ಒಬ್ಬರು ಮುಖ್ಯವಾಗಿರಲಿ. ಹೃದಯ, ಹಾರ್ಮೋನು, ಜೆನೆಟಿಕ್ಸ್ ತಜ್ಞರನ್ನು ಬೇಕಾದಾಗ ಕಾಣುವುದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿಂದ ಶುರು ಮಾಡಬಹುದು. ಜೆನೆಟಿಕ್ಸ್‌ಗೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಘಾಟಿ ಇಳಿದರೆ ಮಣಿಪಾಲವೇ ಹತ್ತಿರ. ಎಲ್ಲಿಗೇ ಹೋಗಿ, ದೊಡ್ಡ ಊರಿನ ತಜ್ಞರು ಯೋಜನೆ ಹಾಕಿಕೊಡಲಿ, ತಿಂಗಳು ತಿಂಗಳಿನ ಕೆಲಸ ನಿಮ್ಮೂರಿನ ಹತ್ತಿರವೇ ಆಗಲಿ. ಪ್ರತಿಸಲ ಬೆಂಗಳೂರಿಗೆ ಓಡಿದರೆ ನಾಲ್ಕನೇ ತಿಂಗಳಿಗೆ ಸುಸ್ತಾಗಿ ಬಿಟ್ಟುಬಿಡುತ್ತೀರಿ.

ಆಗಬೇಕಾದ ಪರೀಕ್ಷೆಗಳು ಇವು. ಇಸಿಜಿ ಮತ್ತು ಎಕೋ, ಇವನ್ನು ಮುಂದೂಡಬೇಡಿ. ಲಿವರ್ ಫಂಕ್ಷನ್ ಟೆಸ್ಟ್. ಖಾಲಿ ಹೊಟ್ಟೆಯ ಸಕ್ಕರೆ. ಹಾರ್ಮೋನುಗಳು. ಆಮೇಲೆ ಎಂಆರ್‌ಐ ಟಿ2 ಸ್ಟಾರ್. ಇದು ಲಿವರ್‌ನಲ್ಲೂ ಹೃದಯದಲ್ಲೂ ಎಷ್ಟು ಕಬ್ಬಿಣ ಕೂತಿದೆ ಅಂತ ಸೂಜಿ ಚುಚ್ಚದೇ ಅಳೆಯುವ ಸ್ಕ್ಯಾನ್. ಎಂಆರ್‌ಐ ಮಶೀನ್ ಇರುವಲ್ಲೆಲ್ಲ ಈ ಲೆಕ್ಕ ಸಿಗುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಹೆಸರು ಹೇಳಿಯೇ ಕೇಳಿ.

ಇನ್ನು ಮನೆಯವರು ಬೇರೆ ಏನೋ ಅಂದುಕೊಂಡು ಬಿಟ್ಟುಬಿಡುವ ಲಕ್ಷಣಗಳು. ಹುಡುಗಿಗೆ ಮುಟ್ಟು ಶುರುವೇ ಆಗದಿರುವುದು, ಅಥವಾ ಬರುತ್ತಿದ್ದದ್ದು ನಿಂತುಹೋಗುವುದು. ಹುಡುಗನಿಗೆ ಧ್ವನಿ ಒಡೆಯದಿರುವುದು, ಮೀಸೆ ಮೂಡದಿರುವುದು. ಮೈಬಣ್ಣ ಕಂದು ತಿರುಗುವುದು, ಇದನ್ನು ‘ಕ್ರಿಕೆಟ್ ಆಡಿ ಬಿಸಿಲಿಗೆ ಕಪ್ಪಾಗಿದಾನೆ’ ಅಂತ ಬಿಡುತ್ತಾರೆ. ತೋರುಬೆರಳು, ಮಧ್ಯದ ಬೆರಳಿನ ಬುಡದ ಗಂಟು ನೋವು, ಇದನ್ನು ‘ಅಡಿಕೆ ಸುಲಿದದ್ದಕ್ಕೆ’ ಅನ್ನುತ್ತಾರೆ. ಇವೆಲ್ಲ ಡಾಕ್ಟರಿಗೆ ಗೊತ್ತಾಗಬೇಕಾದ ವಿಷಯ. ಮಗುವಿಗೆ ನಿಮ್ಮೆದುರು ಹೇಳಲು ನಾಚಿಕೆಯಾದರೆ ನೀವು ಸ್ವಲ್ಪ ಹೊತ್ತು ಹೊರಗೆ ಕೂತಿರಿ.

4. ಎಲ್ಲ ಕಡೆಯಿಂದ ಬರುವ ಕಬ್ಬಿಣ ನಿಲ್ಲಿಸಿ

ರಿಪೋರ್ಟ್ ಖಚಿತವಾದ ವಾರವೇ ಮಾಡಬೇಕಾದ ಕೆಲಸ ಇದು.

*ಶಾಲೆಯ ನೀಲಿ ಮಾತ್ರೆ.* ಶಾಲೆ, ಕಾಲೇಜುಗಳಲ್ಲಿ ವಾರಕ್ಕೊಂದು, ಸಾಮಾನ್ಯವಾಗಿ ಸೋಮವಾರ, ಊಟದ ನಂತರ ಕೊಡುವ ನೀಲಿ ಮಾತ್ರೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. 10ರಿಂದ 19 ವರ್ಷದವರಿಗೆ ಅಂತಲೇ ಇದೆ. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಉಳಿದ ಮಕ್ಕಳಿಗೆ ಅದು ಬಹಳ ಒಳ್ಳೆಯದು, ಅದರ ಬಗ್ಗೆ ಊರಲ್ಲಿ ಅಪಪ್ರಚಾರ ಮಾಡಲು ಹೋಗಬೇಡಿ. ನಿಮ್ಮ ಮಗುವಿಗೆ ಮಾತ್ರ ಬೇಡ. ಟೀಚರ್ ಎದುರು ನಿಂತು ನುಂಗಿಸುವ ಪದ್ಧತಿ ಇರುವುದರಿಂದ ಮಗು ಬಾಯಲ್ಲಿ ‘ಬೇಡ’ ಅಂದರೆ ನಾಟಕ ಅಂದುಕೊಳ್ಳುತ್ತಾರೆ. ಡಾಕ್ಟರಿಂದ ಒಂದು ಚೀಟಿ ಬರೆಸಿ, ಹೆಡ್‌ಮಾಸ್ಟರಿಗೆ ಅರ್ಜಿ ಜೊತೆ ಕೊಡಿ. ಅರ್ಜಿ ಇಷ್ಟಿದ್ದರೆ ಸಾಕು:

‘ನನ್ನ ಮಗನಿಗೆ ದೇಹದಲ್ಲಿ ಕಬ್ಬಿಣ ಶೇಖರಣೆಯಾಗುವ ಕಾಯಿಲೆ ಇದೆ. ವಾರದ ಕಬ್ಬಿಣದ ಮಾತ್ರೆ ಕೊಡಬಾರದೆಂದು ವೈದ್ಯರು ತಿಳಿಸಿದ್ದಾರೆ. ವೈದ್ಯರ ಪತ್ರ ಲಗತ್ತಿಸಿದೆ. ದಯವಿಟ್ಟು ಮಾತ್ರೆ ನೀಡುವ ಶಿಕ್ಷಕರಿಗೂ ತಿಳಿಸಬೇಕಾಗಿ ವಿನಂತಿ.’

ಕ್ಲಾಸ್ ಟೀಚರ್ ಬದಲಾದಾಗ ಮತ್ತೆ ಕೊಡಿ. ಜಂತುಹುಳುವಿನ ಮಾತ್ರೆ ಬೇರೆ, ಅದನ್ನು ತಗೋಬಹುದು. ಎರಡನ್ನೂ ಒಂದೇ ಅಂದುಕೊಂಡು ಬಿಡಿಸಬೇಡಿ.

*ಟಾನಿಕ್ ಮತ್ತು ಲೇಹ್ಯ.* ಹಿಮೋಕ್ರೊಮಟೋಸಿಸ್ ಇರುವ ಮಗು ಸುಸ್ತು ಅನ್ನುತ್ತದೆ. ಸುಸ್ತು ಅಂದ ಕೂಡಲೇ ಯಾರೋ ಒಬ್ಬರು ರಕ್ತ ಹೆಚ್ಚಿಸುವ ಟಾನಿಕ್ ತಂದುಕೊಡುತ್ತಾರೆ. ಅಲ್ಲಿಗೆ ಬೆಂಕಿಗೆ ತುಪ್ಪ. ಆಯುರ್ವೇದದ ಔಷಧಿಗಳಲ್ಲೂ ಕಬ್ಬಿಣ ಇರುತ್ತದೆ. ಲೋಹ ಭಸ್ಮ, ಮಂಡೂರ ಭಸ್ಮ, ಲೋಹಾಸವ, ನವಾಯಸ ಲೋಹ ಇವೆಲ್ಲ ಕಬ್ಬಿಣದವೇ. ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಪಂಡಿತರ ಹತ್ತಿರ ಹೋಗುವ ಅಭ್ಯಾಸ ಇದ್ದರೆ ಹೋಗಿ, ಆದರೆ ರಿಪೋರ್ಟ್ ತೋರಿಸಿ, ಕಬ್ಬಿಣ ಇರುವ ಔಷಧಿ ಬೇಡ ಅಂತ ಬಾಯಿ ಬಿಟ್ಟು ಹೇಳಿ.

*ವಿಟಮಿನ್ ಸಿ ಮಾತ್ರೆ.* ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಥರ ಸಿಗುತ್ತದೆ. ಇದು ಕರುಳಿನಲ್ಲಿ ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ. ಮೈತುಂಬ ಕಬ್ಬಿಣ ಇರುವಾಗ ಹೃದಯದ ಬಡಿತವನ್ನೂ ಕೆಡಿಸಬಹುದು. ಬೇಡವೇ ಬೇಡ.

*ಪ್ಯಾಕೆಟ್‌ಗಳು.* ನೀಲಿ ಬಣ್ಣದ ‘+ಎಫ್’ ಗುರುತು ಇದ್ದರೆ ಅದು ಫೋರ್ಟಿಫೈಡ್, ಅಂದರೆ ಪೋಷಕಾಂಶ ಬೆರೆಸಿದ್ದು. ಎಣ್ಣೆ, ಹಾಲಿನ ಮೇಲೆ ಆ ಗುರುತು ಇದ್ದರೆ ಹೆದರಬೇಡಿ. ಅವುಗಳಲ್ಲಿ ಬೆರೆಸುವುದು ವಿಟಮಿನ್ ಎ ಮತ್ತು ಡಿ. ಅಕ್ಕಿ, ಗೋಧಿಹಿಟ್ಟು, ‘ಡಬಲ್ ಫೋರ್ಟಿಫೈಡ್’ ಉಪ್ಪಿನಲ್ಲಿ ಕಬ್ಬಿಣ ಇರುತ್ತದೆ. ಹಾಲಿಗೆ ಹಾಕಿ ಕುಡಿಯುವ ಪುಡಿಗಳು, ಬೆಳಗಿನ ತಿಂಡಿಯ ಕಾರ್ನ್ ಫ್ಲೇಕ್ಸ್, ಶಾಲೆಯಲ್ಲಿ ಕೊಡುವ ರಾಗಿ ಮಿಕ್ಸ್, ಇವುಗಳ ಹಿಂದೆ ಬರೆದದ್ದನ್ನು ಓದಿ.

ರೇಷನ್ ಅಕ್ಕಿ ಬಗ್ಗೆ ಬಹಳ ಜನ ಕೇಳುತ್ತಾರೆ. ಫೋರ್ಟಿಫೈಡ್ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅನ್ನುವುದು ನಿಯಮ. ಅಂದರೆ 100 ಗ್ರಾಂ ಅಕ್ಕಿಯ ಅನ್ನದಲ್ಲಿ ಮೂರು-ನಾಲ್ಕು ಮಿಲಿಗ್ರಾಂ. ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಮನೆಯಲ್ಲಿ ಬೆಳೆದ ಅಕ್ಕಿ ಇದ್ದರೆ ಮಗುವಿಗೆ ಅದನ್ನೇ ಮಾಡಿ. ರೇಷನ್ ಅಕ್ಕಿಯೇ ಗತಿ ಅಂದರೆ ಡಾಕ್ಟರಿಗೆ ಒಂದು ಮಾತು ತಿಳಿಸಿ ಉಣ್ಣಿ. ಅನ್ನಕ್ಕೆ ಹೆದರಿ ಮಗುವನ್ನು ಅರೆಹೊಟ್ಟೆ ಇಡುವುದಕ್ಕಿಂತ ಅದು ವಾಸಿ.

5. ರಕ್ತ ತೆಗೆಸುವುದು

ಇದೇ ಮುಖ್ಯ ಚಿಕಿತ್ಸೆ. ಫ್ಲೆಬಾಟಮಿ ಅನ್ನುತ್ತಾರೆ. ರಕ್ತದಾನ ಮಾಡಿದ ಹಾಗೆಯೇ ನಡೆಯುತ್ತದೆ. ರಕ್ತದ ಕೆಂಪು ಕಣಗಳಲ್ಲಿ ಕಬ್ಬಿಣ ಇದೆ. ಅದನ್ನು ತೆಗೆದರೆ ಹೊಸ ಕಣ ತಯಾರಿಸಲು ದೇಹ ಲಿವರ್‌ನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ದೊಡ್ಡವರಿಂದ ಒಮ್ಮೆಗೆ 450-500 ಮಿಲಿ ತೆಗೆದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹದಿಹರೆಯದವರಿಗೆ ತೂಕ ನೋಡಿ ಕಡಿಮೆ ತೆಗೆಯುತ್ತಾರೆ. ಶುರುವಿನಲ್ಲಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ. ಫೆರಿಟಿನ್ 50ರ ಹತ್ತಿರ ಇಳಿಯುವವರೆಗೂ ಹೀಗೆ. ಆಮೇಲೆ 50-100ರ ನಡುವೆ ಉಳಿಸಿಕೊಳ್ಳಲು ವರ್ಷಕ್ಕೆ ಕೆಲವು ಸಲ, ಬದುಕಿರುವವರೆಗೂ.

ಮೊದಲ ಹಂತಕ್ಕೇ ವರ್ಷ, ಎರಡು ವರ್ಷ ಹಿಡಿಯಬಹುದು. ಇದನ್ನು ಮಗುವಿಗೆ ಮೊದಲೇ ಹೇಳಿ. ‘ಇನ್ನೊಂದೇ ಸಲ’ ಅಂತ ಪ್ರತಿಸಲ ಸುಳ್ಳು ಹೇಳಿದರೆ ಮೂರನೇ ಸಲಕ್ಕೆ ನಿಮ್ಮನ್ನು ನಂಬುವುದಿಲ್ಲ.

ಹೋಗುವ ಮೊದಲು:

- ಡಾಕ್ಟರ ಚೀಟಿಯಲ್ಲಿ ಕಾಯಿಲೆಯ ಹೆಸರು, ಎಷ್ಟು ಮಿಲಿ, ಎಷ್ಟು ದಿನಕ್ಕೊಮ್ಮೆ, ಹಿಮೋಗ್ಲೋಬಿನ್ ಎಷ್ಟಿದ್ದರೆ ನಿಲ್ಲಿಸಬೇಕು ಅಂತ ಸ್ಪಷ್ಟವಾಗಿ ಬರೆದಿರಲಿ. ರಕ್ತನಿಧಿಗಳಲ್ಲಿ ದಾನಿಗಳಿಗೆ ಕನಿಷ್ಠ ವಯಸ್ಸು 18. ಹಾಗಾಗಿ 15ರ ಹುಡುಗನನ್ನು ನೋಡಿದ ಕೂಡಲೇ ವಾಪಸ್ ಕಳಿಸಬಹುದು. ಇದು ದಾನವಲ್ಲ, ಚಿಕಿತ್ಸೆ ಅಂತ ಚೀಟಿಯೇ ಹೇಳಬೇಕು. ಮೊದಲೇ ಫೋನ್ ಮಾಡಿ.
- ಅಪ್ಪ ಅಥವಾ ಅಮ್ಮ ಜೊತೆಗಿರಲೇಬೇಕು, ಸಹಿ ಬೇಕಾಗುತ್ತದೆ.
- ಪ್ರತಿಸಲ ಹಿಮೋಗ್ಲೋಬಿನ್ ನೋಡಿಯೇ ಸೂಜಿ ಹಾಕಬೇಕು. 12ಕ್ಕಿಂತ ಇಳಿದಿದ್ದರೆ ಅಂತರ ಹೆಚ್ಚಿಸುತ್ತಾರೆ, 11ಕ್ಕಿಂತ ಇಳಿದಿದ್ದರೆ ಸದ್ಯಕ್ಕೆ ನಿಲ್ಲಿಸುತ್ತಾರೆ. ‘ಇಷ್ಟು ದೂರ ಬಂದಿದ್ದೀವಿ, ತೆಗೆದುಬಿಡಿ’ ಅಂತ ಒತ್ತಾಯ ಮಾಡಬೇಡಿ.
- ತಿಂಡಿ ತಿಂದೇ ಹೋಗಿ. ದಾರಿಯಲ್ಲಿ ಎರಡು ಲೋಟ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ. ನೀರು ಕಡಿಮೆಯಾದ ಮೈಯಲ್ಲಿ ನರ ಸಿಗುವುದಿಲ್ಲ, ಎರಡು ಮೂರು ಕಡೆ ಚುಚ್ಚಬೇಕಾಗುತ್ತದೆ.

ಕುರ್ಚಿಯಲ್ಲಿ ಒರಗಿಸಿ, ಮೊಣಕೈ ಮಡಚುವಲ್ಲಿ ಸೂಜಿ ಹಾಕುತ್ತಾರೆ. ಅಂಗೈಗೆ ಒಂದು ಮೆತ್ತನೆ ಚೆಂಡು ಕೊಟ್ಟು ಹಿಸುಕಲು ಹೇಳುತ್ತಾರೆ. ಕೆಳಗೆ ರಕ್ತದ ಚೀಲ ತೊಟ್ಟಿಲಿನಂತೆ ಆಚೀಚೆ ಆಡುತ್ತಿರುತ್ತದೆ. ಕೆಲವು ಮಕ್ಕಳು ಚೀಲ ನೋಡಿದರೆ ತಲೆ ತಿರುಗುತ್ತದೆ ಅನ್ನುತ್ತಾರೆ, ಕೆಲವರು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಾರೆ. ಅವರವರಿಗೆ ಬಿಟ್ಟದ್ದು. ಹಣೆ ಬೆವರಿದರೆ, ತುಟಿ ಬಿಳಿಚಿದರೆ ತಕ್ಷಣ ನರ್ಸಿಗೆ ಹೇಳಿ.

ಮುಗಿದ ಮೇಲೆ ಕಾಲು ಗಂಟೆಯಾದರೂ ಮಲಗಿರಲಿ. ಏನಾದರೂ ಕುಡಿಯಲಿ. ಆ ದಿನ ಕಬಡ್ಡಿ, ಓಟ ಬೇಡ. ಮನೆಯಲ್ಲಿ ಕೊಯ್ಲು ನಡೆಯುತ್ತಿದ್ದರೂ ಅಡಿಕೆ ಕೊನೆ ಹೊರಿಸಬೇಡಿ. ಮಣಿಪಾಲದಲ್ಲಿ ತೆಗೆಸಿದರೆ ಅದೇ ಗಳಿಗೆ ಬಸ್ ಹತ್ತಿ ಆಗುಂಬೆ ತಿರುವುಗಳನ್ನು ಏರಬೇಡಿ. ಒಂದೆರಡು ಗಂಟೆ ಕೂತು, ಊಟ ಮಾಡಿ ಹೊರಡಿ. ಮಳೆಗಾಲದಲ್ಲಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಾರೀಕುಗಳನ್ನು ಶಿವಮೊಗ್ಗದಲ್ಲೇ ಇಟ್ಟುಕೊಳ್ಳುವುದು ಜಾಣತನ.

‘ಈ ರಕ್ತ ಬೇರೆಯವರಿಗೆ ಆಗಲ್ವಾ?’ ಅಂತ ಕೇಳುತ್ತಾರೆ. ಮಕ್ಕಳ ರಕ್ತ ತಗೊಳ್ಳುವ ಹಾಗಿಲ್ಲ, ಅದನ್ನು ವಿಲೇವಾರಿ ಮಾಡುತ್ತಾರೆ.

ಹೃದಯಕ್ಕೆ ಆಗಲೇ ತೊಂದರೆ ಆಗಿದ್ದರೆ ಅಥವಾ ರಕ್ತ ತೆಗೆಯುವುದು ತಾಳದಿದ್ದರೆ ಕೀಲೇಶನ್ ಮಾಡುತ್ತಾರೆ. ಕಬ್ಬಿಣಕ್ಕೆ ಅಂಟಿಕೊಂಡು ಅದನ್ನು ಹೊರಗೆ ಒಯ್ಯುವ ಔಷಧಿ ಅದು. ಡಿಫೆರಾಸಿರಾಕ್ಸ್ ಮಾತ್ರೆ ತಗೊಳ್ಳುವವರಿಗೆ ಕಿಡ್ನಿ, ಲಿವರ್ ಪರೀಕ್ಷೆ ತಪ್ಪಬಾರದು. ವಾಂತಿ ಭೇದಿಯಾದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಮುಂದಿನ ಮಾತ್ರೆ. ಡಿಫೆರಿಪ್ರೋನ್ ತಗೊಳ್ಳುವವರಿಗೆ ಜ್ವರ ಬಂದರೆ ಅದೇ ದಿನ ಸಿಬಿಸಿ ಮಾಡಿಸಿ. ಈ ಔಷಧಿಯಿಂದ ಬಿಳಿರಕ್ತಕಣ ಕುಸಿಯಬಹುದು. ‘ಮಳೆಗಾಲದ ಜ್ವರ, ಕಷಾಯ ಕುಡಿದರೆ ಹೋಗುತ್ತೆ’ ಅಂತ ಕಾಯುವ ವಿಷಯವಲ್ಲ.

ಒಂದು ಸಣ್ಣ ತಾಂತ್ರಿಕ ವಿಷಯ. ಪದೇ ಪದೇ ರಕ್ತ ತೆಗೆಸುವವರಲ್ಲಿ ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಕ್ತಕಣಗಳೆಲ್ಲ ಹೊಸತಾಗಿರುತ್ತವಲ್ಲ, ಅದಕ್ಕೆ. ಹಾಗಾಗಿ ಮಾಮೂಲು ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

6. ಅಡುಗೆಮನೆ: ಹೆದರಿಕೆ ಕಡಿಮೆ, ಎಚ್ಚರ ಸಾಕು

ಪಥ್ಯದಿಂದ ಈ ಕಾಯಿಲೆ ಇಳಿಯುವುದಿಲ್ಲ. ಒಂದು ಸಲ ರಕ್ತ ತೆಗೆಸಿದಾಗ ಹೋಗುವಷ್ಟು ಕಬ್ಬಿಣವನ್ನು ಊಟ ಬಿಟ್ಟು ಇಳಿಸಲು ಆಗುವುದೇ ಇಲ್ಲ. ಹಾಗಾಗಿ ಸೊಪ್ಪು ನಿಲ್ಲಿಸಿ, ಬೇಳೆ ನಿಲ್ಲಿಸಿ, ರಾಗಿ ನಿಲ್ಲಿಸಿ ಮಗುವನ್ನು ಒಣಗಿಸಬೇಡಿ. ಬಸಳೆ, ನುಗ್ಗೆಸೊಪ್ಪು, ಪತ್ರೊಡೆ, ಹುರುಳಿ ಸಾರು ಎಲ್ಲ ತಿನ್ನಬಹುದು. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ. ಕುರಿ, ಹಂದಿ ಮಾಂಸ ಅಪರೂಪಕ್ಕಿರಲಿ. ಲಿವರ್ ಮತ್ತು ರಕ್ತದ ಅಡುಗೆ ಬೇಡ. ಕೋಳಿ, ಮೀನು, ಮೊಟ್ಟೆ ನಡೆಯುತ್ತದೆ.

ಹುಳಿ ಹಾಕಿದ್ದನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಬೇಡಿ, ಕಬ್ಬಿಣ ಬಿಡುತ್ತದೆ. ಅಪ್ಪೆಹುಳಿ, ಗೊಜ್ಜು ಸ್ಟೀಲ್ ಅಥವಾ ಕಲ್ಲಿನ ಪಾತ್ರೆಯಲ್ಲಿ ಆಗಲಿ. ಕಾವಲಿಯ ದೋಸೆ, ರೊಟ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ನೆಲ್ಲಿಕಾಯಿ, ನಿಂಬೆ, ಕಿತ್ತಳೆಯನ್ನು ಊಟದ ಜೊತೆ ಬಿಟ್ಟು ಮಧ್ಯದ ಹೊತ್ತಿನಲ್ಲಿ ತಿನ್ನಲಿ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ. ನಮ್ಮ ಕಡೆಯವರಿಗೆ ಈ ಪಥ್ಯ ಹೇಳಿಕೊಡಬೇಕಾಗಿಲ್ಲ.

ಎರಡು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಒಂದು, ಮದ್ಯ. ಲಿವರ್‌ಗೆ ಆಗಲೇ ಹೊರೆ ಇದೆ. ಹಾಸ್ಟೆಲ್ ಸೇರುವ ವಯಸ್ಸಿನವರಿಗೆ ಇದನ್ನು ಉಪದೇಶದಂತೆ ಅಲ್ಲ, ಕಾರಣ ಸಮೇತ ಹೇಳಿ. ಎರಡು, ಅರೆಬೆಂದ ಚಿಪ್ಪುಮೀನು, ಏಡಿ, ಸಿಗಡಿ. ಸಮುದ್ರದ ನೀರಿನಲ್ಲಿರುವ ವಿಬ್ರಿಯೊ ಅನ್ನುವ ಒಂದು ಜಾತಿಯ ಬ್ಯಾಕ್ಟೀರಿಯಾ ಮೈಯಲ್ಲಿ ಕಬ್ಬಿಣ ಹೆಚ್ಚಿರುವವರಿಗೆ ಪ್ರಾಣಕ್ಕೇ ಕುತ್ತು ತರಬಹುದು. ಚೆನ್ನಾಗಿ ಬೇಯಿಸಿದ್ದು ತಿನ್ನಬಹುದು. ಮುರ್ಡೇಶ್ವರಕ್ಕೋ ಮರವಂತೆಗೋ ಟೂರ್ ಹೋದಾಗ ಕಾಲಲ್ಲಿ ಗಾಯ ಇದ್ದರೆ ಸಮುದ್ರಕ್ಕೆ ಇಳಿಯುವುದು ಬೇಡ.

ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಆಗಿದೆಯಾ ಅಂತಲೂ ಡಾಕ್ಟರನ್ನು ಕೇಳಿ.

7. ಒಡಹುಟ್ಟಿದವರ ಪರೀಕ್ಷೆ ಮಾಡಿಸಿ

ಎಳೆ ವಯಸ್ಸಿನ ಬಗೆಯಲ್ಲಿ ದೋಷ ಇರುವ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಮಾತ್ರ ಕಾಯಿಲೆ. ಒಂದೇ ಇದ್ದರೆ ಅವರು ವಾಹಕರು, ಅವರಿಗೆ ಕಾಯಿಲೆ ಇಲ್ಲ. ಇಬ್ಬರೂ ವಾಹಕರಾದ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ‘ಪ್ರತಿ ಬಸಿರಿನಲ್ಲೂ’ ಅನ್ನುವುದನ್ನು ಗಮನಿಸಿ. ದೊಡ್ಡವನಿಗೆ ಬಂತು, ಇನ್ನು ಉಳಿದವರು ಪಾರು ಅನ್ನುವ ಲೆಕ್ಕ ತಪ್ಪು. ತಂಗಿ ಚೆನ್ನಾಗಿಯೇ ಓಡಾಡಿಕೊಂಡಿದ್ದರೂ ಅವಳ ಫೆರಿಟಿನ್, ಸ್ಯಾಚುರೇಶನ್ ನೋಡಿಸಿ. ಅಣ್ಣನ ಜೀನ್ ದೋಷ ಯಾವುದು ಅಂತ ಗೊತ್ತಾಗಿದ್ದರೆ ಅದೊಂದನ್ನೇ ಇವಳಲ್ಲಿ ಹುಡುಕಬಹುದು.

ಸೋದರಮಾವ, ಅತ್ತೆಮಗಳು ಅಂತ ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಇಂಥ ಕಾಯಿಲೆಯ ಸಂಭವ ಹೆಚ್ಚು. ಆದರೆ ಇದನ್ನು ಹಿಡಿದುಕೊಂಡು ‘ನಿಮ್ಮ ಕಡೆಯಿಂದ ಬಂತು’ ಅಂತ ಸೊಸೆಯನ್ನು ಚುಚ್ಚುವವರಿಗೆ ಒಂದೇ ಉತ್ತರ: ಎರಡೂ ಕಡೆಯಿಂದ ಬರದೆ ಇದು ಬರುವುದೇ ಇಲ್ಲ.

8. ಮಗುವಿನ ಜೊತೆ ಮಾತು

ಹದಿನೈದು ಹದಿನಾರರ ಮಕ್ಕಳು ಹೇಗೂ ಮೊಬೈಲಿನಲ್ಲಿ ಹುಡುಕಿಯೇ ಹುಡುಕುತ್ತಾರೆ. ಅಲ್ಲಿ ಮೊದಲು ಸಿಗುವುದು ಲಿವರ್ ಕೆಟ್ಟವರ ಚಿತ್ರ. ಅದಕ್ಕೆ ಮೊದಲೇ ನೀವು ಹೇಳಿ. ‘ನಿನ್ನ ರಕ್ತ ಕೆಟ್ಟಿದೆ’ ಅನ್ನಬೇಡಿ. ‘ನಿನ್ನ ಕರುಳು ಕಬ್ಬಿಣ ಜಾಸ್ತಿ ತಗೊಳ್ಳುತ್ತೆ, ನಾವು ಅದನ್ನು ಆಗಾಗ ತೆಗೆಸ್ತಾ ಇರಬೇಕು’ ಅಂದರೆ ಸಾಕು. ಸುಳ್ಳೂ ಅಲ್ಲ, ಹೆದರಿಕೆಯೂ ಇಲ್ಲ.

ಸಂಖ್ಯೆಗಳನ್ನು ಅವರ ಕೈಗೇ ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ತೆಗೆದ ಮಿಲಿ, ಹಿಮೋಗ್ಲೋಬಿನ್, ಫೆರಿಟಿನ್ ಅಂತ ನಾಲ್ಕು ಕಾಲಂ ಹಾಕಿ ಅವರೇ ಬರೆದುಕೊಳ್ಳಲಿ. ಫೆರಿಟಿನ್ ಇಳಿಯುತ್ತಿರುವುದು ಕಣ್ಣಿಗೆ ಕಂಡರೆ ಆಸ್ಪತ್ರೆಗೆ ಹೊರಡಿಸುವ ಜಗಳ ಅರ್ಧ ಕಡಿಮೆಯಾಗುತ್ತದೆ. ಪರೀಕ್ಷೆಯ ವಾರ ಬಂದರೆ ಒಂದು ವಾರ ಹಿಂದೆ ಮುಂದೆ ಮಾಡಬಹುದಾ ಅಂತ ಡಾಕ್ಟರನ್ನು ಅವರೇ ಕೇಳಲಿ. ಹೆಚ್ಚಿನ ಸಲ ಮಾಡಬಹುದು. ತಿಂಗಳುಗಟ್ಟಲೆ ಬಿಡುವುದು ಬೇರೆ ಮಾತು.

ಯಾರಿಗೆ ಹೇಳಬೇಕು ಅನ್ನುವುದನ್ನೂ ಮಗುವಿನ ಜೊತೆ ಕೂತು ತೀರ್ಮಾನ ಮಾಡಿ. ಟೀಚರ್, ಹಾಸ್ಟೆಲ್ ವಾರ್ಡನ್, ಒಬ್ಬ ಗೆಳೆಯ, ಇಷ್ಟು ಸಾಕು. ಮದುವೆಮನೆಯ ಪಂಕ್ತಿಯಲ್ಲಿ ಮುಟ್ಟು, ಮೀಸೆ ವಿಷಯ ಚರ್ಚೆಯಾಗಬಾರದು. ಹಾರ್ಮೋನ್ ತೊಂದರೆಗೆ ಚಿಕಿತ್ಸೆ ಇದೆ. ಅದು ಮಗು ಮತ್ತು ಡಾಕ್ಟರ ನಡುವೆ ಇರಲಿ.

9. ಖರ್ಚು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಇದು ಹೆಚ್ಚಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸುವ ರಕ್ತಪರೀಕ್ಷೆಗೆ ಕೈಯಿಂದಲೇ ಹಾಕಬೇಕಾಗಬಹುದು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿಗೆ ಹೋಗಿ ಆಮೇಲೆ ಕ್ಲೇಮ್ ಮಾಡಲು ಹೊರಟರೆ ಸಿಗುವುದು ಕಷ್ಟ. ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

10. ತಡಮಾಡದೆ ಓಡಬೇಕಾದ ಲಕ್ಷಣಗಳು

ಮೆಟ್ಟಿಲು ಹತ್ತಿದರೆ ಹೊಸದಾಗಿ ಏದುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಪಾದ ಊದುವುದು. ಎದೆ ಡವಗುಟ್ಟುವುದು, ಎಚ್ಚರ ತಪ್ಪುವುದು. ಇವು ಹೃದಯದ ಲಕ್ಷಣಗಳು, 108ಕ್ಕೆ ಫೋನ್ ಮಾಡಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಸಕ್ಕರೆ ಕಾಯಿಲೆಯ ಸೂಚನೆ. ಕಣ್ಣು ಹಳದಿಯಾದರೆ, ಚಳಿಜ್ವರದ ಜೊತೆ ಹೊಟ್ಟೆನೋವು ಬಂದರೆ ಅದೇ ದಿನ ತೋರಿಸಿ.

ಮಗುವಿನ ಪರ್ಸಿನಲ್ಲೂ ಮೊಬೈಲ್ ಕವರಿನ ಹಿಂದೆಯೂ ಒಂದು ಚೀಟಿ ಇರಲಿ: ಕಾಯಿಲೆಯ ಹೆಸರು, ತಗೊಳ್ಳುವ ಔಷಧಿ, ಮುಖ್ಯ ಡಾಕ್ಟರ ಫೋನ್ ನಂಬರ್, ಕೆಂಪು ಶಾಯಿಯಲ್ಲಿ ‘ಕಬ್ಬಿಣ ಮತ್ತು ವಿಟಮಿನ್ ಸಿ ಮಾತ್ರೆ, ಇಂಜೆಕ್ಷನ್ ಕೊಡಬೇಡಿ’. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ, ಲ್ಯಾಮಿನೇಶನ್ ಮಾಡಿಸಿ. ನಮ್ಮ ಮಳೆಗೆ ಬರೀ ಕಾಗದ ಉಳಿಯುವುದಿಲ್ಲ.